ಎರಡು ಶಾಲೆಗಳ ನಡುವೆ ಪತ್ರಮೈತ್ರಿ: ಮೊದಲ ಮಾತುಕತೆಯಿಂದ ಕೊನೆಯ ಕಟ್ಟಿನವರೆಗೆ

ಶಾಲೆ ಶಾಲೆಗಳ ನಡುವೆ ಶುರುವಾಗುವ ಪತ್ರಮೈತ್ರಿ ಬಹಳ ಸಲ ಮೊದಲ ಪತ್ರಕ್ಕೇ ನಿಂತುಹೋಗುತ್ತದೆ. ಮಕ್ಕಳ ಉತ್ಸಾಹ ತಗ್ಗಿತು ಎಂದಲ್ಲ. ಆ ಕಡೆ ಪರೀಕ್ಷೆ ಬಂತು, ಈ ಕಡೆ ರಜೆ ಬಂತು, ಪತ್ರಗಳ ಕಟ್ಟು ಟೀಚರ ಮೇಜಿನ ಮೇಲೇ ಉಳಿಯಿತು, 30 ಪತ್ರಗಳಲ್ಲಿ 26ಕ್ಕೆ ಮಾತ್ರ ಉತ್ತರ ಬಂತು. ಉಳಿದ ನಾಲ್ಕು ಮಕ್ಕಳ ಮುಖ ನೆನೆಸಿಕೊಂಡರೆ ಸಾಕು, ಯೋಜನೆಯ ಮೊದಲ ನಿಯಮ ಯಾವುದಿರಬೇಕೆಂದು ತಿಳಿಯುತ್ತದೆ: ಕಟ್ಟು ಬಿಚ್ಚುವ ದಿನ ತರಗತಿಯಲ್ಲಿ ಒಂದು ಮಗುವೂ ಖಾಲಿ ಕೈಯಲ್ಲಿ ಕೂರಬಾರದು. ಮುಂದೆ ಹೇಳುವ ಹಂತಗಳಲ್ಲಿ ಹೆಚ್ಚಿನವು ಆ ಒಂದು ನಿಯಮವನ್ನು ಕಾಪಾಡುವುದಕ್ಕೇ ಇವೆ.

ಈ ಕೆಲಸಕ್ಕೆ ಹಳೆಯ ಪರಂಪರೆಯಿದೆ. ಫ್ರಾನ್ಸಿನ ಶಿಕ್ಷಕ ಸೆಲೆಸ್ಟಿನ್ ಫ್ರೆನೆ 1920ರ ದಶಕದಲ್ಲಿ ತರಗತಿಯೊಳಗೇ ಸಣ್ಣ ಮುದ್ರಣಯಂತ್ರ ಇಟ್ಟು, ಮಕ್ಕಳು ಬರೆದದ್ದನ್ನು ಅಚ್ಚು ಹಾಕಿಸಿ, ದೂರದ ಇನ್ನೊಂದು ಶಾಲೆಯ ಮಕ್ಕಳೊಂದಿಗೆ ವಿನಿಮಯ ಮಾಡಿಸುತ್ತಿದ್ದರು. ಒಬ್ಬೊಬ್ಬರ ಪತ್ರದ ಜೊತೆಗೆ ಇಡೀ ತರಗತಿ ಸೇರಿ ಬರೆದ ಪತ್ರವೂ ಹೋಗುವುದು ಆ ಪದ್ಧತಿಯ ಭಾಗವಾಗಿತ್ತು. ತರಗತಿಯ ಪತ್ರ ಈಗಲೂ ಉಪಯೋಗಕ್ಕೆ ಬರುತ್ತದೆ. ಯಾವಾಗ ಎಂಬುದನ್ನು ಮುಂದೆ ನೋಡೋಣ.

ಜೊತೆ ಶಾಲೆ ಹುಡುಕುವಾಗ

ದೂರದ ದೇಶದ ಶಾಲೆಯೇ ಬೇಕೆಂಬ ಆಸೆ ಸಹಜ. ಆದರೆ ಮೊದಲ ಸಲ ಮಾಡುವವರಿಗೆ ಒಂದೇ ದೇಶದ, ಬೇರೆ ಹವೆಯ, ಬೇರೆ ಬದುಕಿನ ಶಾಲೆ ಎಷ್ಟೋ ಉತ್ತಮ. ಪತ್ರ ಒಂದು ವಾರದೊಳಗೆ ತಲುಪುತ್ತದೆ, ರಜೆಗಳು ಹೆಚ್ಚುಕಡಿಮೆ ಹೊಂದುತ್ತವೆ, ಭಾಷೆಯ ತೊಡಕು ಕಡಿಮೆ. ಕಡಲತೀರದ ಶಾಲೆಗೂ ಬೆಟ್ಟದ ಶಾಲೆಗೂ, ದೊಡ್ಡ ನಗರದ ಶಾಲೆಗೂ ಇಬ್ಬರೇ ಶಿಕ್ಷಕರಿರುವ ಹಳ್ಳಿಯ ಶಾಲೆಗೂ ಹೇಳಿಕೊಳ್ಳಲು ಬೇಕಾದಷ್ಟು ಇರುತ್ತದೆ.

ಹುಡುಕುವ ಅತ್ಯುತ್ತಮ ದಾರಿ ಪರಿಚಯದ ಶಿಕ್ಷಕರು: ತರಬೇತಿಯಲ್ಲಿ ಸಿಕ್ಕವರು, ವರ್ಗವಾಗಿ ಹೋದವರು, ಸಹೋದ್ಯೋಗಿಯ ಸ್ನೇಹಿತರು. ವಿದೇಶದ ಶಾಲೆ ಬೇಕಾದರೆ ಶಿಕ್ಷಕರ ಜಾಲಗಳಿವೆ. 1988ರಲ್ಲಿ ಶುರುವಾದ ಐಅರ್ನ್ ಹಲವು ದೇಶಗಳ ಶಾಲೆಗಳನ್ನು ಜೋಡಿಸುತ್ತದೆ. ಯುರೋಪಿನ ಶಾಲೆಗಳಿಗೆ 2005ರಿಂದ ಇಟ್ವಿನ್ನಿಂಗ್ ಇದೆ. ಜಾಲದಲ್ಲಿ ಹೆಸರು ಕಂಡ ಕೂಡಲೇ ಮಕ್ಕಳಿಗೆ ಹೇಳಬೇಡಿ. ಮೊದಲು ಆ ಶಾಲೆ ಇದೆಯೇ, ಆ ಶಿಕ್ಷಕರು ಅಲ್ಲೇ ಇದ್ದಾರೆಯೇ ಎಂದು ಶಾಲೆಯ ಅಧಿಕೃತ ಫೋನಿಗೆ ಕರೆ ಮಾಡಿ ಖಚಿತ ಮಾಡಿಕೊಳ್ಳಿ. ಆಮೇಲೆ ಶಿಕ್ಷಕರಿಬ್ಬರೂ ಅರ್ಧ ಗಂಟೆ ವೀಡಿಯೊ ಕರೆಯಲ್ಲಿ ಮಾತಾಡಿ. ಆ ಅರ್ಧ ಗಂಟೆಗೇ ಸಮಯ ಹೊಂದಿಸಲಾಗದ ಜೊತೆಗಾರರು ವರ್ಷದ ನಡುವೆ ಕಟ್ಟು ಕಳಿಸುವುದೂ ಅನುಮಾನವೇ.

ವಯಸ್ಸಿನ ಅಂತರ ಒಂದು ವರ್ಷ ಮೀರದಿರಲಿ. 9 ವರ್ಷದವರಿಗೂ 12 ವರ್ಷದವರಿಗೂ ಜೋಡಿ ಹಾಕಿದರೆ ಎರಡನೇ ಪತ್ರದ ಹೊತ್ತಿಗೆ ದೊಡ್ಡವರಿಗೆ ಬೇಸರ, ಚಿಕ್ಕವರಿಗೆ ಅಳುಕು. ಕಲಿಯುತ್ತಿರುವ ಭಾಷೆಯಲ್ಲಿ ಬರೆಯುವುದಾದರೆ ಮಾತ್ರ ಸ್ವಲ್ಪ ಸಡಿಲಿಸಬಹುದು.

ಶಿಕ್ಷಕರಿಬ್ಬರ ನಡುವಿನ ಒಪ್ಪಂದ

ಒಂದೇ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಬಾಯಿಮಾತಿನ ಒಪ್ಪಂದ ಎರಡು ತಿಂಗಳಲ್ಲಿ ಇಬ್ಬರ ನೆನಪಿನಲ್ಲೂ ಬೇರೆ ಬೇರೆಯಾಗಿರುತ್ತದೆ. ಪುಟದಲ್ಲಿ ಇರಬೇಕಾದವು:

- ಎರಡೂ ತರಗತಿಯ ಮಕ್ಕಳ ಸಂಖ್ಯೆ, ವಯಸ್ಸು, ಬರೆಯುವ ಭಾಷೆ
- ಒಟ್ಟು ಎಷ್ಟು ಸುತ್ತು, ಪ್ರತಿ ಕಟ್ಟು ಅಂಚೆಗೆ ಬೀಳುವ ದಿನಾಂಕ
- ಪತ್ರದ ಕನಿಷ್ಠ ಮತ್ತು ಗರಿಷ್ಠ ಉದ್ದ
- ಕಟ್ಟಿನಲ್ಲಿ ಏನು ಹಾಕಬಹುದು, ಏನು ಕೂಡದು
- ಯಾವ ವೈಯಕ್ತಿಕ ವಿವರ ಬರೆಯಬಾರದು
- ಗೈರಾದ ಮಗುವಿನ ಪತ್ರದ ಬದಲಿಗೆ ಏನು ಹೋಗಬೇಕು
- ಒಬ್ಬ ಶಿಕ್ಷಕರು ರಜೆ ಹೋದರೆ ಯಾರನ್ನು ಸಂಪರ್ಕಿಸಬೇಕು

ಕೊನೆಯ ಅಂಶವನ್ನು ಎಲ್ಲರೂ ಬಿಡುತ್ತಾರೆ, ಯೋಜನೆ ಮುರಿದುಬೀಳುವುದು ಅಲ್ಲೇ. ಎರಡೂ ಶಾಲೆಯಲ್ಲಿ ಎರಡನೆಯ ವ್ಯಕ್ತಿಯೊಬ್ಬರ ಹೆಸರು ಇರಲೇಬೇಕು: ಮುಖ್ಯೋಪಾಧ್ಯಾಯರು, ಇಲ್ಲವೇ ಪಕ್ಕದ ತರಗತಿಯ ಶಿಕ್ಷಕರು.

ಉದ್ದದ ಬಗ್ಗೆ ಹಿಂಜರಿಯದೆ ಮಾತಾಡಿ. ಒಂದು ಕಡೆಯಿಂದ ಎರಡು ಪುಟ ಹೋಗಿ ಇನ್ನೊಂದು ಕಡೆಯಿಂದ ನಾಲ್ಕು ಸಾಲು ಬಂದರೆ ಮಗುವಿಗೆ ಅವಮಾನವಾದಂತೆ ಅನಿಸುತ್ತದೆ. 7–8 ವರ್ಷದವರಿಗೆ ಒಂದು ಚಿತ್ರ ಮತ್ತು ಐದಾರು ವಾಕ್ಯ, 9–11ರವರಿಗೆ 100ರಿಂದ 150 ಪದ, 12 ದಾಟಿದವರಿಗೆ 200ರಿಂದ 300 ಪದ ಸಾಮಾನ್ಯವಾಗಿ ಹೊಂದುತ್ತದೆ. ಗರಿಷ್ಠ ಮಿತಿಯೂ ಬೇಕು. ಆರು ಪುಟ ಬರೆಯುವ ಮಗುವಿನ ಜೋಡಿ ಉತ್ತರಿಸಲಾಗದೆ ಸೋತುಹೋಗುತ್ತದೆ.

ದಿನಾಂಕ ಹಾಕುವುದು

ಮೊದಲು ಎರಡೂ ಶಾಲೆಯ ರಜೆ ಮತ್ತು ಪರೀಕ್ಷೆಗಳನ್ನು ಒಂದೇ ಹಾಳೆಯಲ್ಲಿ ಗುರುತು ಹಾಕಿ. ದೇಶ ಬೇರೆಯಾದರೆ ಶಾಲಾ ವರ್ಷವೇ ಬೇರೆ: ಆಸ್ಟ್ರೇಲಿಯಾದಲ್ಲಿ ಜನವರಿ ಕೊನೆ ಅಥವಾ ಫೆಬ್ರವರಿ ಆರಂಭಕ್ಕೆ ಶುರು, ಜಪಾನಿನಲ್ಲಿ ಏಪ್ರಿಲ್‌ಗೆ, ಯುರೋಪಿನ ಬಹುತೇಕ ಕಡೆ ಆಗಸ್ಟ್–ಸೆಪ್ಟೆಂಬರ್‌ಗೆ. ಇದನ್ನು ನೋಡದೆ ಶುರುಮಾಡಿದರೆ ನಿಮ್ಮ ಎರಡನೇ ಪತ್ರ ತಲುಪುವಾಗ ಆ ಮಕ್ಕಳು ಮುಂದಿನ ತರಗತಿಗೆ, ಬೇರೆ ಶಿಕ್ಷಕರ ಕೈಗೆ ಹೋಗಿರುತ್ತಾರೆ.

ಈಗ ಲೆಕ್ಕ. ಬರೆದು ಮುಗಿಸಲು ಒಂದು ವಾರ. ಅಂಚೆಗೆ ಒಂದೇ ದೇಶದೊಳಗೆ ಒಂದು ವಾರ ಹಿಡಿಯಿರಿ, ದೇಶ ದಾಟುವುದಾದರೆ ಮೂರು ವಾರ. ಒಂದು ಪತ್ರ ಹೋಗಿ ಉತ್ತರ ಬರಲು ಒಳನಾಡಿನಲ್ಲಿ ನಾಲ್ಕು ವಾರ, ವಿದೇಶಕ್ಕೆ ಎಂಟು ವಾರ. ಅಂದರೆ ವಿದೇಶದ ಶಾಲೆಯೊಂದಿಗೆ ಇಡೀ ವರ್ಷದಲ್ಲಿ ಒಂದೊಂದು ಮಗುವಿಗೆ ಮೂರು, ಹೆಚ್ಚೆಂದರೆ ನಾಲ್ಕು ಪತ್ರ ಸಿಗುತ್ತವೆ. ಮಕ್ಕಳಿಗೆ ಈ ಸಂಖ್ಯೆಯನ್ನು ಮೊದಲೇ ಹೇಳಿ. ತಿಂಗಳಿಗೊಂದು ಪತ್ರ ಬರುತ್ತದೆಂದು ಕಾಯುವ ಮಗುವಿಗೆ ಎಂಟನೇ ವಾರ ಬಂದ ಪತ್ರವೂ ತಡವಾದದ್ದೇ.

ಯಾರು ಮೊದಲು ಬರೆಯಬೇಕು? ಒಳನಾಡಿನಲ್ಲಿ ಒಂದು ಕಡೆಯವರು ಶುರುಮಾಡಲಿ, ಇನ್ನೊಂದು ಕಡೆಯವರು ಉತ್ತರಿಸಲಿ. ವಿದೇಶಕ್ಕಾದರೆ ಎರಡೂ ಕಡೆಯವರು ಒಂದೇ ವಾರ ಮೊದಲ ಪತ್ರ ಹಾಕುವುದು ಒಳ್ಳೆಯದು. ಆ ಪತ್ರಗಳು ಒಂದಕ್ಕೊಂದು ಉತ್ತರವಾಗಿರುವುದಿಲ್ಲ, ನಿಜ. ಆದರೆ ಎಂಟು ವಾರ ಕಾಯುವ ಬದಲು ನಾಲ್ಕನೇ ವಾರಕ್ಕೇ ಎಲ್ಲರ ಕೈಯಲ್ಲೂ ಒಂದು ಪತ್ರ ಇರುತ್ತದೆ. ಹೀಗೆ ಮಾಡಲು ಜೋಡಿಗಳ ಪಟ್ಟಿ ಮೊದಲೇ ಇಮೇಲಿನಲ್ಲಿ ಹೋಗಿ ಬಂದಿರಬೇಕು.

ಶುರುಮಾಡಲು ನೆಪ ಬೇಕಾದರೆ ಅಕ್ಟೋಬರ್ 9 ವಿಶ್ವ ಅಂಚೆ ದಿನ. 1874ರ ಅದೇ ದಿನ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಜಾಗತಿಕ ಅಂಚೆ ಒಕ್ಕೂಟಕ್ಕೆ ಅಡಿಪಾಯ ಬಿತ್ತು. ಒಂದು ದೇಶದಲ್ಲಿ ಅಂಟಿಸಿದ ಸ್ಟಾಂಪಿಗೆ ಇನ್ನೊಂದು ದೇಶದ ಅಂಚೆಯವರು ಪತ್ರ ತಲುಪಿಸುವುದು ಆ ಒಪ್ಪಂದದಿಂದಲೇ ಎಂದು ಹೇಳಿದರೆ ಮಕ್ಕಳಿಗೆ ಸ್ಟಾಂಪಿನ ಬಗ್ಗೆ ಕುತೂಹಲ ಹುಟ್ಟುತ್ತದೆ.

ಒಪ್ಪಿಗೆ ಮತ್ತು ಸುರಕ್ಷತೆ

ಪೋಷಕರ ಲಿಖಿತ ಒಪ್ಪಿಗೆಯಿಲ್ಲದೆ ಒಂದು ಪತ್ರವೂ ಹೋಗಬಾರದು. ಒಪ್ಪಿಗೆ ಪತ್ರದಲ್ಲಿ ಜೊತೆ ಶಾಲೆ ಯಾವುದು, ಎಷ್ಟು ಪತ್ರ, ಯಾವ ವಿವರ ಹೋಗುತ್ತದೆ, ಪತ್ರಗಳನ್ನು ಶಿಕ್ಷಕರು ಓದುತ್ತಾರೆ ಎಂಬುದೆಲ್ಲ ಸರಳ ಮಾತಿನಲ್ಲಿರಲಿ. ಫೋಟೋ ಹೋಗುವುದಾದರೆ ಅದಕ್ಕೆ ಬೇರೆಯೇ ಸಹಿ. ಒಪ್ಪದ ಪೋಷಕರ ಮಗುವನ್ನು ಮೂಲೆಗೆ ಕೂರಿಸಬೇಡಿ. ತರಗತಿಯ ಸಾಮೂಹಿಕ ಪತ್ರ ಉಪಯೋಗಕ್ಕೆ ಬರುವುದು ಇಲ್ಲಿ. ಹೆಸರು ಹಾಕದೆಯೇ ಆ ಮಗು ಅದರಲ್ಲಿ ಪೂರ್ತಿ ಭಾಗವಹಿಸಬಹುದು.

ಪತ್ರದಲ್ಲಿ ಮೊದಲ ಹೆಸರು ಮಾತ್ರ. ಮನೆಯ ವಿಳಾಸ, ಫೋನ್, ಇಮೇಲ್, ಸಾಮಾಜಿಕ ಜಾಲತಾಣದ ಖಾತೆ, ಶಾಲೆಗೆ ಒಂಟಿಯಾಗಿ ನಡೆದು ಬರುವ ದಾರಿ ಮತ್ತು ಸಮಯ, ಇವು ಯಾವುವೂ ಬೇಡ. ಎಲ್ಲ ಪತ್ರಗಳೂ ಶಾಲೆಯಿಂದ ಶಾಲೆಗೆ, ಒಂದೇ ಕಟ್ಟಿನಲ್ಲಿ, ಶಿಕ್ಷಕರ ಹೆಸರಿಗೆ. ಈ ನಿಯಮಗಳನ್ನು ಮಕ್ಕಳಿಗೆ ಹೇಳುವಾಗ ಹೆದರಿಸದೆ ಕಾರಣ ಕೊಡಿ: ಪತ್ರ ದಾರಿಯಲ್ಲಿ ಕಳೆದರೆ ಯಾರ ಕೈಗೆ ಸಿಗುತ್ತದೋ ಗೊತ್ತಿಲ್ಲ.

ಹೋಗುವ ಪತ್ರಗಳನ್ನೂ ಬರುವ ಪತ್ರಗಳನ್ನೂ ಶಿಕ್ಷಕರು ಓದಬೇಕು, ಮತ್ತು ಓದುತ್ತಾರೆಂದು ಮಕ್ಕಳಿಗೆ ಮೊದಲ ದಿನವೇ ಗೊತ್ತಿರಬೇಕು. ಗುಟ್ಟಾಗಿ ಓದುವುದು ನಂಬಿಕೆದ್ರೋಹ. ಕೆಲವೊಮ್ಮೆ ಮಗು ಮನೆಯಲ್ಲಿ ಯಾರಿಗೂ ಹೇಳದ್ದನ್ನು ಪತ್ರದಲ್ಲಿ ಬರೆಯುತ್ತದೆ: ಹೊಡೆತ, ಹಸಿವು, ಭಯ. ಅಂಥ ಪತ್ರ ಕಟ್ಟಿಗೆ ಸೇರಬಾರದು, ಕಸಕ್ಕೂ ಹೋಗಬಾರದು. ಶಾಲೆಯ ಮಕ್ಕಳ ರಕ್ಷಣೆಯ ನಿಯಮದಂತೆ ಅದೇ ದಿನ ಮುಂದಿನ ಕ್ರಮ ಕೈಗೊಳ್ಳಿ. ಆ ಮಗುವಿನೊಂದಿಗೆ ಏಕಾಂತದಲ್ಲಿ ಮಾತಾಡಿ, ಇನ್ನೊಂದು ಪತ್ರ ಬರೆಯಲು ಸಹಾಯ ಮಾಡಿ.

ಜೋಡಿ ಮಾಡುವುದು

ತರಗತಿಗಳ ಸಂಖ್ಯೆ ಸಮನಾಗಿರುವುದು ಅಪರೂಪ. ನಿಮ್ಮಲ್ಲಿ 28, ಅವರಲ್ಲಿ 34 ಎಂದಿಟ್ಟುಕೊಳ್ಳಿ. 28 ಜೋಡಿ ಮಾಡಿ ಉಳಿದ ಆರು ಮಕ್ಕಳನ್ನು ನಿಮ್ಮ ಆರು ಮಕ್ಕಳಿಗೆ ಎರಡನೇ ಸ್ನೇಹಿತರಾಗಿ ಕೊಡಬಹುದು. ಆದರೆ ಎರಡೆರಡು ಪತ್ರ ಬರೆಯುವ ಆ ಆರು ಮಂದಿ ತಾವಾಗಿ ಮುಂದೆ ಬಂದವರಾಗಿರಬೇಕು. ಅಕ್ಷರ ಚೆನ್ನಾಗಿದೆಯೆಂದು ಹೇರಿದರೆ ಎರಡನೇ ಸುತ್ತಿನಲ್ಲಿ ಒಂದು ಪತ್ರ ತೆಳುವಾಗುತ್ತದೆ. ಇನ್ನೊಂದು ದಾರಿ ಮೂವರ ಗುಂಪು: ಅವರ ಕಡೆಯ ಇಬ್ಬರು ಸೇರಿ ಒಂದೇ ಹಾಳೆಯಲ್ಲಿ ಬರೆಯುತ್ತಾರೆ, ನಿಮ್ಮ ಮಗು ಇಬ್ಬರನ್ನೂ ಹೆಸರು ಹಿಡಿದು ಕರೆದು ಒಂದೇ ಉತ್ತರ ಬರೆಯುತ್ತದೆ. ಬರೆಯಲು ನಿಧಾನವಾದ ಮಕ್ಕಳಿಗೆ ಇದು ಹಗುರ.

ಆಸಕ್ತಿಯ ಪ್ರಕಾರ ಜೋಡಿಸಲು ದೊಡ್ಡ ಪ್ರಶ್ನಾವಳಿ ಬೇಡ. ಒಂದು ಚೀಟಿಯಲ್ಲಿ ಮೂರು ವಿಷಯ ಬರೆಸಿ: ಬಿಡುವಿನಲ್ಲಿ ಏನು ಮಾಡುತ್ತೀ, ಯಾವುದರ ಬಗ್ಗೆ ಎಷ್ಟು ಹೊತ್ತಾದರೂ ಮಾತಾಡಬಲ್ಲೆ, ಹೊಸದಾಗಿ ಏನು ಕಲಿಯಬೇಕು. ಶಿಕ್ಷಕರಿಬ್ಬರೂ ಚೀಟಿಗಳನ್ನು ಎದುರಿಗಿಟ್ಟುಕೊಂಡು ಒಂದು ಗಂಟೆಯಲ್ಲಿ ಜೋಡಿ ಮುಗಿಸಬಹುದು.

ಪ್ರತಿ ಜೋಡಿಗೂ ಒಂದು ಸಂಖ್ಯೆ ಕೊಡಿ, ಆ ಸಂಖ್ಯೆ ಎಲ್ಲ ಪತ್ರದ ಬಲಮೇಲಿನ ಮೂಲೆಯಲ್ಲಿರಲಿ. ಒಂದೇ ಹೆಸರಿನ ಮೂವರು ಮಕ್ಕಳಿದ್ದಾಗ, ಕೈಬರಹ ಓದಲಾಗದಿದ್ದಾಗ, ಹೆಸರು ಬರೆಯುವುದೇ ಮರೆತಾಗ ಆ ಸಂಖ್ಯೆಯಿಂದಲೇ ಪತ್ರ ಸರಿಯಾದ ಮಗುವನ್ನು ಸೇರುತ್ತದೆ. ರಿಜಿಸ್ಟರಿನಲ್ಲಿ ಜೋಡಿ ಸಂಖ್ಯೆ, ನಮ್ಮ ಮಗು, ಅವರ ಮಗು, ಹೋದ ದಿನ, ಬಂದ ದಿನ ಇಷ್ಟು ಕಾಲಂ ಸಾಕು.

ಮೊದಲ ಪತ್ರ ಬರೆಸುವುದು

ಯೋಜನೆಯ ಕಷ್ಟದ ಭಾಗ ಇದು, ಹೆಚ್ಚು ಸಮಯ ಇಲ್ಲೇ ಕೊಡಿ. ಕರಿಹಲಗೆಯ ಮೇಲೆ ಮಾದರಿ ಪತ್ರ ಬರೆದರೆ 30 ಮಕ್ಕಳೂ ಅದನ್ನೇ ನಕಲು ಮಾಡುತ್ತಾರೆ. ಆ ಕಡೆ ಕಟ್ಟು ಬಿಚ್ಚಿದಾಗ ಪಕ್ಕಪಕ್ಕ ಕೂತವರು ತಮ್ಮ ಪತ್ರಗಳನ್ನು ಹೋಲಿಸಿ ನೋಡೇ ನೋಡುತ್ತಾರೆ. ಹೆಸರು ಬಿಟ್ಟು ಎಲ್ಲ ಒಂದೇ ಎಂದು ಗೊತ್ತಾದ ಕ್ಷಣ ಆ ಪತ್ರ ತನಗಾಗಿ ಬರೆದದ್ದಲ್ಲ ಎಂದಾಗುತ್ತದೆ.

ಮಾದರಿಯ ಬದಲು ಮೂರು ಪಾಠದ ಅವಧಿ ಇಟ್ಟುಕೊಳ್ಳಿ. ಮೊದಲ ಅವಧಿಯಲ್ಲಿ ಮಾತು ಮಾತ್ರ. ಮಕ್ಕಳು ಇಬ್ಬಿಬ್ಬರಾಗಿ ಕೂತು, ನಿನ್ನನ್ನು ಒಮ್ಮೆಯೂ ನೋಡದವರಿಗೆ ನಿನ್ನ ಬಗ್ಗೆ ಏನು ಹೇಳುತ್ತೀ ಎಂದು ಒಬ್ಬರನ್ನೊಬ್ಬರು ಕೇಳಲಿ. ಎರಡನೇ ಅವಧಿಯಲ್ಲಿ ಕರಡು. ಮೂರನೆಯದರಲ್ಲಿ ತಿದ್ದಿ ಅಚ್ಚುಕಟ್ಟಾಗಿ ಬರೆಯುವುದು.

ಕರಡು ಹೆಚ್ಚಾಗಿ ಹೀಗಿರುತ್ತದೆ:

«ನನಗೆ ಓದುವುದು ಇಷ್ಟ. ನನಗೆ ಆಟ ಇಷ್ಟ. ನಮ್ಮ ಮನೆಯಲ್ಲಿ ಒಂದು ನಾಯಿ ಇದೆ. ನಿನಗೆ ಏನು ಇಷ್ಟ?»

ಇದರಲ್ಲಿ ತಪ್ಪೇನೂ ಇಲ್ಲ, ಆದರೆ ಉತ್ತರಿಸಲು ಹಿಡಿಕೆಯೂ ಇಲ್ಲ. ಮಗುವನ್ನು ಒಂದೇ ಪ್ರಶ್ನೆ ಕೇಳಿ: ಇದರಲ್ಲಿ ನಿನ್ನ ಮನೆಯಲ್ಲಿ ಮಾತ್ರ ನಡೆಯುವ ವಿಷಯ ಯಾವುದು? ನಾಯಿ ಎನ್ನುತ್ತದೆ. ಆ ನಾಯಿ ಏನು ಮಾಡುತ್ತದೆ ಎಂದು ಕೇಳಿ, ಹೇಳಿದ್ದನ್ನು ಹಾಗೇ ಬರೆಯಲು ಬಿಡಿ:

«ನಮ್ಮ ನಾಯಿಗೆ ಗುಡುಗು ಎಂದರೆ ಪ್ರಾಣಭಯ. ಮೋಡ ಕವಿದ ಕೂಡಲೇ ನನ್ನ ಸ್ಕೂಲ್ ಬ್ಯಾಗಿನೊಳಗೆ ತಲೆ ತೂರಿಸಿ ಮಲಗುತ್ತದೆ. ಬಾಲ ಮಾತ್ರ ಹೊರಗೆ. ಕಳೆದ ವಾರ ನನ್ನ ಗಣಿತದ ಪುಸ್ತಕದ ಮೇಲೆಲ್ಲ ಜೊಲ್ಲು. ನಿಮ್ಮಲ್ಲಿ ಗುಡುಗು ಯಾವ ತಿಂಗಳಲ್ಲಿ ಬರುತ್ತದೆ? ನಿನಗೆ ಯಾವುದಕ್ಕಾದರೂ ಭಯ ಇದೆಯಾ?»

ಈಗ ಓದುವ ಮಗುವಿಗೆ ನಗಲು, ಕೇಳಲು, ತನ್ನದನ್ನು ಹೇಳಲು ಜಾಗ ಸಿಕ್ಕಿತು. ಪ್ರಶ್ನೆಗಳೂ ಗಮನಿಸುವಂಥವು. ನಿನಗೆ ಆಟ ಇಷ್ಟವಾ ಎಂದರೆ ಹೌದು ಎಂಬಲ್ಲಿಗೆ ಮುಗಿಯಿತು. ಒಂದು ಪದದಲ್ಲಿ ಉತ್ತರಿಸಲಾಗದ ಎರಡು ಪ್ರಶ್ನೆ ಪ್ರತಿ ಪತ್ರದಲ್ಲಿರಲಿ. ಐದಾರು ಬೇಡ, ಅದು ವಿಚಾರಣೆಯಾಗುತ್ತದೆ.

ವಿಷಯ ಕೊಡುವಾಗ ಎಚ್ಚರ. ನಿನ್ನ ಅಪ್ಪ ಅಮ್ಮನ ಬಗ್ಗೆ ಬರೆ, ರಜೆಯಲ್ಲಿ ಎಲ್ಲಿಗೆ ಹೋಗಿದ್ದೆ ಬರೆ ಎಂಬವು ಅಪ್ಪ ಅಮ್ಮ ಜೊತೆಗಿಲ್ಲದ, ಎಲ್ಲಿಗೂ ಹೋಗದ ಮಗುವಿಗೆ ನೋವಿನ ಪ್ರಶ್ನೆಗಳು. ನಿನ್ನ ಜೊತೆ ಇರುವವರು, ಕಿಟಕಿಯಿಂದ ಕಾಣುವುದು, ನಿನಗೆ ನಗು ತರಿಸಿದ್ದು: ಇವು ಎಲ್ಲ ಮಕ್ಕಳಿಗೂ ಸಲ್ಲುತ್ತವೆ.

ತಿದ್ದುವ ವಿಷಯದಲ್ಲಿ ನಮ್ಮ ಅಭಿಪ್ರಾಯ ಖಚಿತ: ಅರ್ಥ ಕೆಡಿಸುವ ತಪ್ಪು, ಓದಲಾಗದ ಅಕ್ಷರ, ಹೆಸರುಗಳ ಕಾಗುಣಿತ, ಇಷ್ಟನ್ನು ಕರಡಿನಲ್ಲೇ ಸರಿಮಾಡಿಸಿ, ಉಳಿದದ್ದನ್ನು ಬಿಡಿ. ಕೆಂಪು ಶಾಯಿ ಪತ್ರದ ಮೇಲೆ ಬೀಳಲೇಬಾರದು. ಅಂಕವೂ ಬೇಡ. ಅಂಕ ಬಂದ ಕೂಡಲೇ ಮಗು ಸ್ನೇಹಿತನಿಗೆ ಬರೆಯುವುದನ್ನು ಬಿಟ್ಟು ಶಿಕ್ಷಕರಿಗೆ ಬರೆಯತೊಡಗುತ್ತದೆ. ಭಾಷೆ ಕಲಿಸುವುದೇ ಯೋಜನೆಯ ಉದ್ದೇಶವಾದರೆ ಕರಡನ್ನು ಮೌಲ್ಯಮಾಪನ ಮಾಡಿ, ಪತ್ರವನ್ನಲ್ಲ.

ಬರೆಯುವುದು ಕಷ್ಟವಾದ ಮಗು ಹೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಸಹಿ ಮತ್ತು ಚಿತ್ರ ಮಗುವಿನದೇ ಇರಲಿ. ಬ್ರೈಲ್‌ನಲ್ಲಿ ಬರೆದ ಪತ್ರಗಳಿಗೆ ಬಹುತೇಕ ದೇಶಗಳ ಅಂಚೆಯಲ್ಲಿ ಶುಲ್ಕ ವಿನಾಯಿತಿಯಿದೆ, ಅಂಚೆ ಕಚೇರಿಯಲ್ಲಿ ವಿಚಾರಿಸಿ. ಉಬ್ಬು ಚುಕ್ಕಿ ನಜ್ಜುಗುಜ್ಜಾಗದಂತೆ ಎರಡು ರಟ್ಟುಗಳ ನಡುವೆ ಇಟ್ಟು, ಬೇರೆಯೇ ಲಕೋಟೆಯಲ್ಲಿ ಕಳಿಸಿ.

ನೀಲಿ ಅಥವಾ ಕಪ್ಪು ಶಾಯಿಯ ಪೆನ್ನು ಕೊಡಿ. ಪೆನ್ಸಿಲ್ ಬರಹ ಉಜ್ಜಿ ಮಸುಕಾಗುತ್ತದೆ, ಸ್ಕ್ಯಾನಿನಲ್ಲೂ ಸರಿಯಾಗಿ ಬರುವುದಿಲ್ಲ. ಬೇರೆ ದೇಶದ ಮಕ್ಕಳಿಗೆ ಕೂಡುಬರಹ ಓದುವುದು ಕಷ್ಟ, ಬಿಡಿ ಅಕ್ಷರ ಬರೆಸಿ.

ಕಟ್ಟುವುದು, ಅಂಚೆಗೆ ಹಾಕುವುದು

ಮೊದಲು ಪ್ರತಿ ಪತ್ರದ ಪ್ರತಿ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ, ಜೋಡಿ ಸಂಖ್ಯೆಯ ಹೆಸರಿನಲ್ಲಿ ಶಾಲೆಯ ಕಂಪ್ಯೂಟರಿಗೆ ಹಾಕಿ, ಮೊಬೈಲಿನಿಂದ ಅಳಿಸಿ. ಕಟ್ಟು ಕಳೆದುಹೋದರೆ ಆ ಕಡೆಯ ಶಿಕ್ಷಕರು ಅದನ್ನೇ ಮುದ್ರಿಸಿ ಹಂಚಬಹುದು. ಈ ಒಂದು ಅರ್ಧ ಗಂಟೆಯ ಕೆಲಸ ಇಡೀ ಸುತ್ತನ್ನು ಉಳಿಸುತ್ತದೆ. ಕಳಿಸಿದ ದಿನವೇ ಸ್ಕ್ಯಾನನ್ನು ಇಮೇಲ್ ಮಾಡಿ ಮಕ್ಕಳಿಗೆ ತೋರಿಸುವುದು ಮಾತ್ರ ಬೇಡ. ನಿಜವಾದ ಹಾಳೆ ಕೈಗೆ ಬರುವಾಗ ಹಳಸಿದ ಸುದ್ದಿಯಾಗಿರುತ್ತದೆ.

ತೂಕದ ಲೆಕ್ಕ ಸುಲಭ. 80 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 80 ಗ್ರಾಂ ತೂಗುವ ಕಾಗದದ ಎ4 ಹಾಳೆ 5 ಗ್ರಾಂ. 30 ಮಕ್ಕಳ ಒಂದೊಂದು ಹಾಳೆಗೆ 150 ಗ್ರಾಂ. ಜೊತೆಗೆ 200 ಜಿಎಸ್‌ಎಂ ಚಿತ್ರಹಾಳೆಯ ಎ5 ಚೂರು ಒಂದೊಂದು ಇಟ್ಟರೆ, ಅದು ತಲಾ 6 ಗ್ರಾಂ ಚಿಲ್ಲರೆ, ಇನ್ನೂ 190 ಗ್ರಾಂ ಹತ್ತಿರ. ಒಬ್ಬೊಬ್ಬರಿಗೂ ಬೇರೆ ಲಕೋಟೆ ಹಾಕಿದರೆ ತೂಕ ಮತ್ತೆ ಏರುತ್ತದೆ. ಹಾಳೆಯನ್ನೇ ಲಕೋಟೆಯಂತೆ ಮಡಚಿ ಮೇಲೆ ಹೆಸರು ಬರೆಸುವುದು ಒಳ್ಳೆಯ ಉಪಾಯ, ಬಿಚ್ಚುವ ಖುಷಿಯೂ ಉಳಿಯುತ್ತದೆ. ಅಂತರರಾಷ್ಟ್ರೀಯ ಪತ್ರದ ಗರಿಷ್ಠ ತೂಕ 2 ಕಿಲೋ, ಅಷ್ಟಕ್ಕೆ ಯಾವ ತರಗತಿಯೂ ಮುಟ್ಟುವುದಿಲ್ಲ. ಅಂಚೆ ಶುಲ್ಕ ಮಾತ್ರ ತೂಕದ ಹಂತಗಳ ಮೇಲೆ ಏರುವುದರಿಂದ ಹೋಗುವ ಮುನ್ನ ತೂಗಿ ನೋಡಿ. ಎರಡು ಗ್ರಾಂ ಹೆಚ್ಚಾಗಿ ಮುಂದಿನ ಹಂತಕ್ಕೆ ಬಿದ್ದರೆ ಒಂದು ರಟ್ಟು ತೆಗೆದರೆ ಆಯಿತು.

ಎ4 ಹಾಳೆ ಮಡಚದೆ ಹೋಗಬೇಕಾದರೆ ಸಿ4 ಲಕೋಟೆ, ಅಂದರೆ 229 × 324 ಮಿಲಿಮೀಟರ್. ಅರ್ಧಕ್ಕೆ ಮಡಚಿದರೆ ಸಿ5, 162 × 229. ಪತ್ರಗಳನ್ನು ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ. ಮಳೆಗೆ ಶಾಯಿ ಕದಡಿದ ಕಟ್ಟು ತಲುಪಿಯೂ ತಲುಪದಂತೆ. ದೊಡ್ಡ ಲಕೋಟೆಯ ಎಲ್ಲ ಅಂಚಿಗೂ ಅಗಲದ ಟೇಪ್ ಹಾಕಿ.

ವಿಳಾಸದಲ್ಲಿ ಶಿಕ್ಷಕರ ಹೆಸರು, ಶಾಲೆ, ರಸ್ತೆ, ಊರು, ಪಿನ್‌ಕೋಡ್. ವಿದೇಶಕ್ಕಾದರೆ ರೋಮನ್ ಲಿಪಿಯಲ್ಲಿ ಬರೆದು, ದೇಶದ ಹೆಸರನ್ನು ಕೊನೆಯ ಸಾಲಿನಲ್ಲಿ ದೊಡ್ಡಕ್ಷರಗಳಲ್ಲಿ ಹಾಕಿ. ನಿಮ್ಮ ಶಾಲೆಯ ವಿಳಾಸ ಹೊರಗೂ ಇರಲಿ, ಒಳಗೆ ಒಂದು ಚೀಟಿಯಲ್ಲೂ ಇರಲಿ. ಲಕೋಟೆ ಹರಿದರೆ ಒಳಗಿನ ಚೀಟಿ ಕೆಲಸಕ್ಕೆ ಬರುತ್ತದೆ.

ಬರೀ ಪತ್ರ, ಚಿತ್ರ ಕಳಿಸಿದರೆ ತೊಡಕಿಲ್ಲ. ವಸ್ತು ಸೇರಿದ ಕೂಡಲೇ ಅದು ಪತ್ರವಾಗಿ ಉಳಿಯುವುದಿಲ್ಲ. ಗಡಿ ದಾಟುವಾಗ ಸಿಎನ್ 22 ಎಂಬ ಕಸ್ಟಮ್ಸ್ ಚೀಟಿ ಬೇಕು, ತಡವೂ ಆಗುತ್ತದೆ. ಬೀಜ, ಮಣ್ಣು, ಒಣಗಿದ ಎಲೆ, ಗರಿ, ತಿನ್ನುವ ಪದಾರ್ಥ ಬೇಡವೇ ಬೇಡ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಂಥ ದೇಶಗಳು ರೋಗ, ಕೀಟ ಒಳಬಾರದಂತೆ ಇವನ್ನು ಬಹಳ ಬಿಗಿಯಾಗಿ ತಡೆಯುತ್ತವೆ, ಇಡೀ ಕಟ್ಟೇ ಸಿಕ್ಕಿಬೀಳಬಹುದು. ಎಲೆಯ ಬದಲು ಎಲೆಯ ಮೇಲೆ ಕಾಗದವಿಟ್ಟು ಬಣ್ಣದ ಕಡ್ಡಿ ಉಜ್ಜಿದ ಅಚ್ಚು ಕಳಿಸಿ, ನರನರವೂ ಮೂಡಿರುತ್ತದೆ.

ಉಡುಗೊರೆ ಪೂರ್ತಿ ನಿಷೇಧಿಸುವುದೇ ಸರಿ. ಒಂದು ಮಗುವಿಗೆ ಆಟಿಕೆ ಬಂದು ಪಕ್ಕದ ಮಗುವಿಗೆ ಬರೀ ಹಾಳೆ ಬಂದರೆ ಪತ್ರದ ಬೆಲೆ ಆ ಕ್ಷಣಕ್ಕೇ ಬಿದ್ದುಹೋಗುತ್ತದೆ.

ಕಟ್ಟು ಬಂದ ದಿನ

ಬಂದ ಕೂಡಲೇ ಹಂಚಬೇಡಿ, ಎಷ್ಟೇ ಆಸೆಯಾದರೂ. ಶಿಕ್ಷಕರು ಮೊದಲು ಎಣಿಸಬೇಕು, ಓದಬೇಕು. ಒಂದೆರಡು ಕಡಿಮೆಯಿದ್ದರೆ ಅದೇ ದಿನ ಜೊತೆ ಶಿಕ್ಷಕರಿಗೆ ತಿಳಿಸಿ, ಆ ಮಕ್ಕಳಿಗೆ ಬೇರೆ ವ್ಯವಸ್ಥೆಯಾದ ಮೇಲೆ ಹಂಚಿ. ವ್ಯವಸ್ಥೆ ಎಂದರೆ ಮೊದಲೇ ಒಪ್ಪಂದವಾದ ಬದಲಿ ಪತ್ರ. ಪ್ರತಿ ಶಾಲೆಯವರೂ ಪ್ರತಿ ಸುತ್ತಿನಲ್ಲಿ ಇಂಥ ಎರಡು ಮೂರು ಹೆಚ್ಚುವರಿ ಪತ್ರ ಸೇರಿಸಿ ಕಳಿಸಬೇಕು. ಬೇಗ ಮುಗಿಸಿದ ಮಕ್ಕಳು, ಇಲ್ಲವೇ ಶಿಕ್ಷಕರೇ ಬರೆಯಬಹುದು. «ನಿನ್ನ ಜೋಡಿ ಈ ವಾರ ಶಾಲೆಗೆ ಬಂದಿಲ್ಲ, ಅಷ್ಟರಲ್ಲಿ ನಾನು ಮಾತಾಡಿಸೋಣ ಅಂತ ಬರೆದೆ» ಎಂದು ಶುರುವಾಗುವ ಪತ್ರ ಸುಳ್ಳೂ ಅಲ್ಲ, ಖಾಲಿಯೂ ಅಲ್ಲ.

ಓದಲು ಒಂದು ಪೂರ್ತಿ ಅವಧಿ ಕೊಡಿ. ಮೊದಲ ಹತ್ತು ನಿಮಿಷ ಯಾರೂ ಏನೂ ಹೇಳದೆ ಅವರವರ ಪತ್ರ ಅವರವರು ಓದಲಿ. ಆಮೇಲೆ ಗಲಾಟೆಯಾಗುತ್ತದೆ, ಆಗಲಿ. ಗಟ್ಟಿಯಾಗಿ ಓದಲು ಯಾರನ್ನೂ ಒತ್ತಾಯಿಸಬೇಡಿ, ಪತ್ರ ಆ ಮಗುವಿನದು.

ಉತ್ತರ ಬರೆಯುವ ಮುಂಚೆ ಪತ್ರವನ್ನು ಪೆನ್ಸಿಲ್ ಹಿಡಿದು ಮತ್ತೆ ಓದಿಸಿ. ಪ್ರಶ್ನೆಗಳ ಕೆಳಗೆ ಗೆರೆ, ಮನಸ್ಸಿಗೆ ಹಿಡಿಸಿದ ಒಂದು ಮಾತಿನ ಸುತ್ತ ವೃತ್ತ. ಉತ್ತರದಲ್ಲಿ ಗೆರೆ ಹಾಕಿದ ಎಲ್ಲಕ್ಕೂ ಉತ್ತರ, ವೃತ್ತದ ಮಾತಿನ ಬಗ್ಗೆ ಎರಡು ವಾಕ್ಯ, ತನ್ನ ಒಂದು ಹೊಸ ಸುದ್ದಿ, ಮತ್ತೆ ಎರಡು ಪ್ರಶ್ನೆ. ಹೀಗೆ ಮಾಡದಿದ್ದರೆ ಬಂದ ಪತ್ರವನ್ನು ಪಕ್ಕಕ್ಕಿಟ್ಟು ಮತ್ತೆ ತಮ್ಮದನ್ನೇ ಹೇಳುವುದು ಮಕ್ಕಳ ಅಭ್ಯಾಸ, ದೊಡ್ಡವರದೂ. ಕೇಳಿದ ಪ್ರಶ್ನೆಗೆ ಉತ್ತರ ಸಿಗದ ಮಗು ಮುಂದಿನ ಸಲ ಕೇಳುವುದಿಲ್ಲ.

ಬಂದ ಏಳು ದಿನದೊಳಗೆ ಬರೆಯಲು ಶುರುಮಾಡಿಸಿ. ಹೆಚ್ಚು ತಡವಾದರೆ ಓದಿದಾಗಿನ ಬಿಸಿ ಆರಿಹೋಗುತ್ತದೆ.

ಮೂರನೇ ಸುತ್ತಿಗೆ ಒಂದು ಜಂಟಿ ಕೆಲಸ

ಮೂರನೇ ಪತ್ರದ ಹೊತ್ತಿಗೆ ಪರಿಚಯದ ಮಾತು ಮುಗಿದಿರುತ್ತದೆ. ಎರಡು ಶಾಲೆ ಸೇರಿದರೆ ಮಾತ್ರ ಆಗುವಂಥ ಕೆಲಸ ಆಗ ಕೊಡಬೇಕು. ಅತ್ಯುತ್ತಮವಾದದ್ದು ನೆರಳು ಅಳೆದು ಭೂಮಿಯ ಸುತ್ತಳತೆ ಕಂಡುಹಿಡಿಯುವುದು, ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಎರಡು ಸಾವಿರ ವರ್ಷಕ್ಕೂ ಹಿಂದೆ ಮಾಡಿದ್ದು. ಒಂದು ಶಾಲೆ ಇನ್ನೊಂದರಿಂದ ಉತ್ತರಕ್ಕೋ ದಕ್ಷಿಣಕ್ಕೋ ಕೆಲವು ನೂರು ಕಿಲೋಮೀಟರ್ ದೂರವಿರಬೇಕು, ಅಷ್ಟೇ.

ಸಮತಟ್ಟಾದ ನೆಲದಲ್ಲಿ 100 ಸೆಂಟಿಮೀಟರ್ ಕೋಲನ್ನು ನೇರ ನಿಲ್ಲಿಸಿ. ದಾರಕ್ಕೆ ಕಲ್ಲು ಕಟ್ಟಿ ತೂಗುಬಿಟ್ಟು ನೇರವಿದೆಯೇ ನೋಡಿ. ಒಪ್ಪಿದ ದಿನ ಮಧ್ಯಾಹ್ನದ ಆಸುಪಾಸು ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿ ಗುರುತಿಸಿ, ಅತಿ ಚಿಕ್ಕ ನೆರಳು ಅಳೆಯಿರಿ. ಗಡಿಯಾರದ 12 ಗಂಟೆ ನಂಬಬೇಡಿ, ಸೂರ್ಯನ ಮಧ್ಯಾಹ್ನ ಊರಿನಿಂದ ಊರಿಗೆ ಬೇರೆ. ಒಂದು ಕಡೆ ನೆರಳು 36.4 ಸೆಂಟಿಮೀಟರ್ ಬಂದರೆ ಕೋಲಿನ ತುದಿಯಲ್ಲಿ ಕೋಲಿಗೂ ಬಿಸಿಲಿನ ಗೆರೆಗೂ ನಡುವಿನ ಕೋನ 20 ಡಿಗ್ರಿ, ಇನ್ನೊಂದು ಕಡೆ 57.7 ಬಂದರೆ 30 ಡಿಗ್ರಿ. ತ್ರಿಕೋನಮಿತಿ ಕಲಿಯದವರು ಕಾಗದದಲ್ಲಿ ಅಳತೆಗೆ ತಕ್ಕ ತ್ರಿಕೋನ ಬರೆದು ಕೋನಮಾಪಕದಿಂದ ಅಳೆಯಲಿ. ವ್ಯತ್ಯಾಸ 10 ಡಿಗ್ರಿ, ಅಂದರೆ ಪೂರ್ತಿ ವೃತ್ತದ 36ರಲ್ಲಿ ಒಂದು ಭಾಗ. ಉತ್ತರ–ದಕ್ಷಿಣ ದೂರ 1110 ಕಿಲೋಮೀಟರ್ ಇದ್ದರೆ ಸುತ್ತಳತೆ 1110 × 36 = 39,960. ನಿಜವಾದದ್ದು ಧ್ರುವಗಳ ಮೂಲಕ ಅಳೆದರೆ ಸುಮಾರು 40,008.

ತಪ್ಪುವ ಕಡೆ ಮೂರು. ಒಂದು, ದೂರವನ್ನು ನಕ್ಷೆಯ ಅಳತೆಪಟ್ಟಿಯಿಂದ ತೆಗೆಯಬೇಕು. ಅಕ್ಷಾಂಶದ ಡಿಗ್ರಿಯನ್ನು 111ರಿಂದ ಗುಣಿಸಿದರೆ ಉತ್ತರವನ್ನೇ ಪ್ರಶ್ನೆಯೊಳಗೆ ಹಾಕಿದಂತೆ. ಎರಡು, ಒಂದು ಊರಿನ ನೆರಳು ಉತ್ತರಕ್ಕೂ ಇನ್ನೊಂದರದು ದಕ್ಷಿಣಕ್ಕೂ ಬಿದ್ದರೆ ಕೋನಗಳನ್ನು ಕಳೆಯದೆ ಕೂಡಬೇಕು. ಮೂರು, ಮೋಡ. ಜೂನ್ 21 ಅಥವಾ ಡಿಸೆಂಬರ್ 21ರ ಹತ್ತಿರವಾದರೆ ಒಂದೆರಡು ದಿನ ಹಿಂದೆಮುಂದೆ ಅಳೆದರೂ ನಡೆಯುತ್ತದೆ, ಸೂರ್ಯನ ಎತ್ತರ ಆಗ ಹೆಚ್ಚು ಬದಲಾಗುವುದಿಲ್ಲ. ಮಾರ್ಚ್, ಸೆಪ್ಟೆಂಬರ್‌ನಲ್ಲಿ ದಿನಕ್ಕೆ ಸುಮಾರು 0.4 ಡಿಗ್ರಿ ಬದಲಾಗುತ್ತದೆ. 10 ಡಿಗ್ರಿ ವ್ಯತ್ಯಾಸದಲ್ಲಿ ಅದು ನೂರಕ್ಕೆ ನಾಲ್ಕರಷ್ಟು ತಪ್ಪು.

ಅಳತೆ ಪತ್ರದಲ್ಲಿ ಹೋಗಲಿ, ಲೆಕ್ಕವನ್ನು ಪ್ರತಿ ಜೋಡಿ ತಾನೇ ಮಾಡಲಿ. ಸ್ನೇಹಿತನ ಪತ್ರ ಬರುವವರೆಗೆ ಉತ್ತರ ಸಿಗುವುದಿಲ್ಲ ಎಂಬುದೇ ಇದರ ಸೊಗಸು. ಚಿಕ್ಕ ಮಕ್ಕಳಿಗೆ ಇದು ಹೆಚ್ಚಾಯಿತು. ಅವರು ಒಂದೇ ವಾರ ಪ್ರತಿದಿನ ಒಂದೇ ಹೊತ್ತಿಗೆ ಆಕಾಶ ನೋಡಿ ಚಿತ್ರ ಬಿಡಿಸಿ ಅದಲುಬದಲು ಮಾಡಿಕೊಳ್ಳಲಿ.

ನಡುವೆ ಕೆಟ್ಟರೆ

ಜೊತೆ ಶಿಕ್ಷಕರಿಂದ ಸುದ್ದಿಯೇ ಇಲ್ಲ: ಒಪ್ಪಿದ ದಿನ ಮೀರಿ ಒಂದು ವಾರಕ್ಕೆ ಇಮೇಲ್, ಎರಡನೇ ವಾರಕ್ಕೆ ಫೋನ್, ಮೂರನೇ ವಾರಕ್ಕೆ ಒಪ್ಪಂದದಲ್ಲಿರುವ ಎರಡನೇ ವ್ಯಕ್ತಿ. ಮಕ್ಕಳಿಗೆ ನಿಜ ಹೇಳಿ. ನಾಲ್ಕು ವಾರವಾದರೂ ಏನೂ ಇಲ್ಲದಿದ್ದರೆ ನಿಮ್ಮದೇ ಶಾಲೆಯ ಇನ್ನೊಂದು ತರಗತಿಯೊಂದಿಗೆ, ಅಥವಾ ಹತ್ತಿರದ ವೃದ್ಧಾಶ್ರಮದ ಹಿರಿಯರೊಂದಿಗೆ ಸುತ್ತು ಮುಂದುವರಿಸಿ.

ಮಗು ಶಾಲೆ ಬಿಟ್ಟುಹೋಯಿತು: ಅದರ ಜೋಡಿಗೆ ವಿದಾಯದ ನಾಲ್ಕು ಸಾಲಾದರೂ ಹೋಗಲಿ, ಹೊಸ ಜೋಡಿಯ ಪತ್ರ ಅದೇ ಕಟ್ಟಿನಲ್ಲಿರಲಿ.

ಮನಸ್ಸು ನೋಯಿಸುವ ಮಾತು ಬಂತು: ಬಣ್ಣ, ಧರ್ಮ, ಬಡತನದ ಬಗ್ಗೆ ಮಕ್ಕಳು ತಿಳಿಯದೆ ಬರೆಯುವುದುಂಟು. ಪತ್ರ ಕೊಡದೆ, ಜೊತೆ ಶಿಕ್ಷಕರಿಗೆ ವಿಷಯ ತಿಳಿಸಿ ಅವರೇ ಬರೆದ ಮಗುವಿನೊಂದಿಗೆ ಮಾತಾಡಲಿ. ಇನ್ನೊಂದು ಪತ್ರ ಬರುವವರೆಗೆ ನಿಮ್ಮ ಮಗುವಿಗೆ ಬದಲಿ ಪತ್ರ ಇದ್ದೇ ಇದೆ.

ಮುಗಿಸುವಾಗ

ಕೊನೆಯ ಸುತ್ತು ಕೊನೆಯದೆಂದು ಎರಡೂ ಕಡೆಯ ಮಕ್ಕಳಿಗೆ ಬರೆಯುವ ಮೊದಲೇ ಗೊತ್ತಿರಲಿ, ಇಲ್ಲದಿದ್ದರೆ ಅವರು ಪ್ರಶ್ನೆ ಕೇಳಿ ಬಾರದ ಉತ್ತರಕ್ಕೆ ಕಾಯುತ್ತಾರೆ. ಈ ಪತ್ರದಲ್ಲಿ ಪ್ರಶ್ನೆಗಳ ಬದಲು ಸ್ನೇಹಿತನಿಂದ ತಿಳಿದ ಒಂದು ಸಂಗತಿಯನ್ನು ಬರೆಸಿ. ಎರಡೂ ಕಡೆಯವರು ಒಂದೇ ವಾರ ಅಂಚೆಗೆ ಹಾಕಿದರೆ ಯಾರೂ ಕೊನೆಯ ಉತ್ತರ ಬಾಕಿ ಉಳಿಸಿಕೊಂಡಂತೆ ಆಗುವುದಿಲ್ಲ. ಸಾಧ್ಯವಾದರೆ ಶಿಕ್ಷಕರ ಎದುರೇ 40 ನಿಮಿಷದ ವೀಡಿಯೊ ಭೇಟಿ ಇಡಿ. ಮೊದಲ ವಾರವೇ ಇಟ್ಟರೆ ಬರೆಯಲು ಕುತೂಹಲ ಉಳಿಯುವುದಿಲ್ಲ, ಕೊನೆಗೆ ಇಡುವುದೇ ಚೆನ್ನ.

ಮುಂದೆಯೂ ಬರೆದುಕೊಳ್ಳಬೇಕೆನ್ನುವ ಜೋಡಿಗಳಿರುತ್ತಾರೆ. ವಿಳಾಸ ಕೊಡುವುದು ಎರಡೂ ಮನೆಯ ಪೋಷಕರ ನಿರ್ಧಾರ, ಶಾಲೆಯದಲ್ಲ. ಇಬ್ಬರ ಒಪ್ಪಿಗೆಯೂ ಬರಹದಲ್ಲಿ ಸಿಕ್ಕ ಮೇಲೆ ಶಿಕ್ಷಕರು ಪೋಷಕರಿಂದ ಪೋಷಕರಿಗೆ ತಲುಪಿಸಿ ದೂರ ಸರಿಯಬೇಕು. ಬಂದ ಪತ್ರಗಳನ್ನು ಮಕ್ಕಳು ಮನೆಗೆ ಒಯ್ಯಲಿ. ಶಾಲೆಯ ಕಂಪ್ಯೂಟರಿನಲ್ಲಿರುವ ಪ್ರತಿಗಳನ್ನು ವರ್ಷದ ಕೊನೆಗೆ ಅಳಿಸಿ. ರಿಜಿಸ್ಟರ್, ಒಪ್ಪಂದದ ಪುಟ, ಪ್ರತಿ ಕಟ್ಟು ನಿಜವಾಗಿ ಎಷ್ಟು ದಿನಕ್ಕೆ ತಲುಪಿತು ಎಂಬ ಲೆಕ್ಕ ಮಾತ್ರ ಮುಂದಿನ ವರ್ಷದ ತರಗತಿ ಶಿಕ್ಷಕರ ಫೈಲಿಗೆ ಹೋಗಲಿ.